ನೀರಿಗೊಂದು ದಾರಿ, ದಾರಿಗೊಂದು ಅಳತೆ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ವೇದಿಕೆಯಲ್ಲಿ ಕನ್ನಡ ಪಂಡಿತನೊಬ್ಬನು ಎದ್ದು ನಿಂತನೆಂದರೆ ಪಂಪನ ವಿಚಾರವೋ ಕುಮಾರವ್ಯಾಸನ ವಿಚಾರವೋ ಬರುವುದೆಂದು ತಾವು ಎದುರುನೋಡುವುದು ಸಹಜವೇ. ಹೋದ ವರುಷ ನಾನೂ ಹಾಗೆಯೇ ಮಾಡಿದ್ದೆನು. ಈ ಸಲ ಬಚ್ಚಲ ನೀರು ಹೊರಗೆ ಹೋಗುವ ಕೊಳವೆಯನ್ನು ಕುರಿತು ಮಾತನಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ವಿಷಯವನ್ನು ಕೇಳಿ ನಮ್ಮ ಕಾರ್ಯದರ್ಶಿಗಳು ಒಂದು ಗಳಿಗೆ ಸುಮ್ಮನಾದರು. ಬಳಿಕ ನಕ್ಕು, “ಆಗಲಿ ಮಾಷ್ಟ್ರೇ, ಎಲ್ಲರ ಮನೆಯಲ್ಲಿಯೂ ಇರುವಂಥದೇ ಅಲ್ಲವೆ” ಎಂದರು. ಆ ಧೈರ್ಯದಿಂದ ನಿಂತಿದ್ದೇನೆ.

ವ್ಯಾಕರಣ ಬಲ್ಲವನಿಗೆ ಈ ವಿದ್ಯೆ ಎಲ್ಲಿಂದ ಬಂತೆಂದು ತಾವು ಕೇಳಬಹುದು. ತಪ್ಪು ಮಾಡಿ ಕಲಿತದ್ದು. ಆ ಕಥೆಯನ್ನೇ ಮೊದಲು ಒಪ್ಪಿಸಿಬಿಡುತ್ತೇನೆ.

2016ರಲ್ಲಿ ನನ್ನ ತಾಯಿಯವರಿಗೆ ಮೊಣಕಾಲಿನ ನೋವು ಹೆಚ್ಚಾಯಿತು. ನಮ್ಮದು ಹಳೆಯ ಮನೆ. ಬಚ್ಚಲೂ ಶೌಚಗೃಹವೂ ಅಂಗಳದ ಆಚೆಗೆ. ಕಾಸರಗೋಡಿನ ಆಟಿಯ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳವನ್ನು ದಾಟುವುದೆಂದರೆ ಏನೆಂಬುದನ್ನು ತಮಗೆ ನಾನು ಬಣ್ಣಿಸಬೇಕಾಗಿಲ್ಲ. ಅವರ ಕೋಣೆಗೆ ತಾಗಿದಂತೆ ಒಂದು ಸ್ನಾನಗೃಹವನ್ನು ಕಟ್ಟಿಸಲು ತೊಡಗಿದೆನು. ಮೇಸ್ತ್ರಿಯು, “ಮಾಷ್ಟ್ರೇ, ಪೈಪು ಎಷ್ಟು ಇಂಚಿನದು ಹಾಕಲಿ?” ಎಂದು ಕೇಳಿದನು. ಷಟ್ಪದಿಯಲ್ಲಿ ಒಂದು ಮಾತ್ರೆ ಹೆಚ್ಚಾದರೆ ಹುಡುಗನ ಅಂಕವನ್ನು ಕತ್ತರಿಸುವ ನಾನು, “ಕೊಟ್ಟಿಗೆಯಲ್ಲಿ ಎರಡೂವರೆ ಇಂಚಿನದು ಉಳಿದಿದೆಯಲ್ಲ, ಅದನ್ನೇ ಎಲ್ಲಕ್ಕೂ ಹಾಕಿಬಿಡು” ಎಂದೆನು. ಅವನು ಒಮ್ಮೆ ತಲೆ ಕೆರೆದುಕೊಂಡನು. ಪಂಡಿತರ ಮಾತಿಗೆ ಎದುರಾಡುವುದು ಬೇಡವೆಂದು ಎಣಿಸಿರಬೇಕು. ಕೈತೊಳೆಯುವ ಬೇಸಿನ್ನು, ಸ್ನಾನದ ನೆಲ, ಶೌಚದ ಆಸನ, ಮೂರಕ್ಕೂ ಅದೇ ಪೈಪು. ಮೂರನ್ನೂ ಸೇರಿಸಿ ಮೂವತ್ತು ಅಡಿ ದೂರದ ಗುಂಡಿಗೆ ಒಯ್ದುದೂ ಅದೇ ಪೈಪು.

2017ರ ಜೂನ್ ತಿಂಗಳಿನ ಒಂದು ರಾತ್ರಿ ಎಚ್ಚರವಾಗಿ ನೋಡುತ್ತೇನೆ: ತಾಯಿಯವರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು ಹಿಡಿದು, ಸುರಿಯುವ ಮಳೆಯಲ್ಲಿ ಅಂಗಳದ ನಡುವೆ ನಿಂತಿದ್ದಾರೆ. ಓಡಿಹೋಗಿ ಕೈಹಿಡಿದೆನು. “ಒಳಗಿನದು ಕಟ್ಟಿದೆ ಮಗಾ. ನಾಲ್ಕು ದಿನವಾಯಿತು. ಅಷ್ಟು ಖರ್ಚು ಮಾಡಿ ಕಟ್ಟಿಸಿದ್ದೀ, ಹೇಳಿದರೆ ನಿನಗೆ ಬೇಸರವಾದೀತು ಎಂದು ಹೇಳಲಿಲ್ಲ” ಎಂದರು. ಒಳಗೆ ಹೋಗಿ ನೋಡಿದರೆ ಶೌಚದ ನೀರು ಸ್ನಾನದ ನೆಲದ ತೂತಿನಿಂದ ಮೇಲಕ್ಕೆ ಬಂದು ನಿಂತಿತ್ತು. ಮುಂದೆ ದಾರಿ ಕಟ್ಟಿದರೆ ಹಿಂದೆ ಉಕ್ಕುವ ನೀರು ಇರುವ ಬಾಯಿಗಳಲ್ಲಿ ಎಲ್ಲಕ್ಕಿಂತ ತಗ್ಗಿನದನ್ನು ಹುಡುಕಿಕೊಂಡು ಹೊರಬರುತ್ತದೆ. ಆ ತಗ್ಗಿನ ಬಾಯಿ ಅಮ್ಮ ಸ್ನಾನಕ್ಕೆ ಕುಳಿತುಕೊಳ್ಳುವ ಜಾಗವಾಗಿತ್ತು.

ಮರುದಿನವೇ ಪ್ರಾಯಶ್ಚಿತ್ತ ಮಾಡಿದೆನು, ಅದೂ ತಪ್ಪಾಯಿತು. ಸಣ್ಣದರಿಂದ ಕೆಟ್ಟಿತು, ದೊಡ್ಡದು ಹಾಕಿದರೆ ಮುಗಿಯಿತಲ್ಲ ಎಂದು ಬೇಸಿನ್ನಿನಿಂದ ಮೊದಲುಗೊಂಡು ಎಲ್ಲಕ್ಕೂ ನಾಲ್ಕಿಂಚಿನ ಪೈಪನ್ನು ಹಾಕಿಸಿದೆನು. ಶೌಚದ ದಾರಿ ಸರಿಹೋಯಿತು. ಆದರೆ ವರುಷ ಕಳೆಯುವುದರೊಳಗೆ ಬೇಸಿನ್ನಿನ ಕಡೆಯಿಂದ ಕೊಳೆತ ಸಾಬೂನಿನ ನಾತ. ಬಿಚ್ಚಿ ನೋಡಿದರೆ ಆ ಅಗಲವಾದ ಕೊಳವೆಯ ತಳದಲ್ಲಿ ಬೂದುಬಣ್ಣದ ಲೋಳೆ ಮಡುಗಟ್ಟಿ ಕುಳಿತಿತ್ತು. ಅದನ್ನು ಬಿಚ್ಚಿದವರು ಈ ಕೆಲಸದಲ್ಲಿ ತಲೆ ನರೆತ ಒಬ್ಬ ಹಿರಿಯರು. ಅವರು ನನಗೆ ಹೇಳಿದ ಮಾತು ಇಷ್ಟೇ: “ಮಾಷ್ಟ್ರೇ, ನಿಮ್ಮ ತೋಟದ ಕಣಿಗಳನ್ನೆಲ್ಲ ಒಂದೇ ಅಗಲಕ್ಕೆ ತೋಡಿಸಿದ್ದೀರಾ?”

ಸಹೃದಯರೇ, ಈ ಪ್ರಶ್ನೆಯಲ್ಲಿ ಅರ್ಧ ಉತ್ತರವೇ ಇದೆ. ಅಡಕೆಯ ಎರಡು ಸಾಲಿನ ನಡುವಿನ ಕಣಿ ಚಿಕ್ಕದು. ಅಂತಹ ಹತ್ತು ಬಂದು ಸೇರುವ ಕಣಿ ದೊಡ್ಡದು. ಅದು ಹೋಗಿ ಬೀಳುವ ತೋಡು ಇನ್ನೂ ದೊಡ್ಡದು. ಕೆಳಗಿನದು ಮೇಲಿನದಕ್ಕಿಂತ ಕಿರಿದಾಗಿರುವ ತೋಟವನ್ನು ನಮ್ಮಲ್ಲಿ ಯಾರೂ ಮಾಡಲಾರರು. ನೀರು ಹರಿಯುವ ದಿಕ್ಕಿನಲ್ಲಿ ಕೊಳವೆಯ ಗಾತ್ರವು ಎಂದಿಗೂ ಕಿರಿದಾಗಕೂಡದು ಎಂದು ಹಲವು ದೇಶಗಳ ನಿಯಮಸಂಹಿತೆಗಳು ಬರೆದಿಟ್ಟಿರುವುದು ನಮ್ಮ ತೋಟದ ಈ ವಿವೇಕವನ್ನೇ. ಇನ್ನುಳಿದ ಅರ್ಧವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಮೊದಲು ಗಣಿತ. ಒಂದೂಕಾಲು ಇಂಚಿನ ಕೊಳವೆಗೂ ನಾಲ್ಕಿಂಚಿನ ಕೊಳವೆಗೂ ಮೂರು ಪಟ್ಟಿನ ಅಂತರವೆಂದು ಕಣ್ಣು ಹೇಳುತ್ತದೆ. ಆದರೆ ಬಾಯಿಯ ವಿಸ್ತೀರ್ಣವು ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಅಂತರ ಹತ್ತು ಪಟ್ಟಿನದು. ಒಂದೇ ಇಳಿಜಾರಿನಲ್ಲಿಟ್ಟ ಎರಡಿಂಚಿನ ಕೊಳವೆಗಿಂತ ನಾಲ್ಕಿಂಚಿನದು, ತುಂಬಿ ಹರಿದಾಗ, ಆರು ಪಟ್ಟಿಗೂ ಮೀರಿ ನೀರನ್ನು ಹೊರುತ್ತದೆ. ಕೊಳವೆ ದೊಡ್ಡದಾದಂತೆ ಗೋಡೆಯ ಘರ್ಷಣೆಯ ಪಾಲು ಕಡಿಮೆಯಾಗುವುದೇ ಕಾರಣ. ಆದುದರಿಂದ ಅರ್ಧ ಇಂಚಿನ ವ್ಯತ್ಯಾಸವನ್ನು ಅಲ್ಪವೆಂದು ತಳ್ಳಿಹಾಕುವಂತಿಲ್ಲ.

ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯು ಬೇಸಿನ್ನಿಗೆ 32 ಮಿಲಿಮೀಟರು, ಸ್ನಾನದ ತೊಟ್ಟಿಗೂ ಷವರಿಗೂ 40 ಮಿಲಿಮೀಟರು, ಶೌಚದ ಆಸನಕ್ಕೆ 75 ಅಥವಾ 100 ಮಿಲಿಮೀಟರು ಎಂದು ಹೇಳುತ್ತದೆ. ಅಮೆರಿಕೆಯ ಸಂಹಿತೆಗಳಲ್ಲಿ ಬೇಸಿನ್ನಿಗೆ ಒಂದೂಕಾಲು ಇಂಚು, ತೊಟ್ಟಿಗೆ ಒಂದೂವರೆ ಇಂಚು, ಆಸನಕ್ಕೆ ಕನಿಷ್ಠ ಮೂರು ಇಂಚು. ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಒಂಬತ್ತನೆಯ ಭಾಗವು ಈ ವಿಷಯಕ್ಕೇ ಮೀಸಲು. ಇಲ್ಲಿನ ಕೆಲಸಗಾರರ ರೂಢಿಯಲ್ಲಿ ಆಸನಕ್ಕೆ ನಾಲ್ಕಿಂಚು. ಅಂಗಡಿಯಲ್ಲಿ ಅದನ್ನೇ 110 ಮಿಲಿಮೀಟರಿನ ಪೈಪು ಎಂದು ಕೇಳಬೇಕು. ಅಂಗಡಿಯವರ ಅಳತೆ ಕೊಳವೆಯ ಹೊರಮೈಯದು, ಮೇಸ್ತ್ರಿಗಳ ಅಳತೆ ಒಳಬಾಯಿಯದು. ಈ ಎರಡರ ನಡುವೆ ಸಿಕ್ಕಿ ನಾನು ಒಂದು ಸಲ ಪೇಟೆಗೆ ಎರಡು ಬಾರಿ ಅಲೆದೆನು.

ಈಗ ಒಂದು ಒಗಟು. ಷವರಿನಿಂದ ಬೀಳುವ ನೀರು ನಿಮಿಷಕ್ಕೆ ಹತ್ತು ಲೀಟರಿನ ಆಸುಪಾಸು. ತುಂಬಿದ ಬೇಸಿನ್ನಿನ ಬಿರಡೆಯನ್ನು ತೆಗೆದರೆ ಅದಕ್ಕಿಂತ ಎಷ್ಟೋ ವೇಗವಾಗಿ ನೀರು ಇಳಿಯುತ್ತದೆ. ಹೀಗಿರಲು ಬೇಸಿನ್ನಿಗೆ ಒಂದೂಕಾಲು ಇಂಚು ಸಾಕಾದರೆ ಷವರಿಗೆ ಅಮೆರಿಕೆಯ ಒಂದು ಪ್ರಮುಖ ಸಂಹಿತೆಯು ಎರಡು ಇಂಚು ಏಕೆ ಬೇಕೆನ್ನುತ್ತದೆ? ಸ್ನಾನದ ತೊಟ್ಟಿಗೂ ಕೊಡದ ಗಾತ್ರವನ್ನು ಷವರಿಗೇಕೆ ಕೊಟ್ಟಿತು?

ಉತ್ತರವು ನೀರಿನ ಮೊತ್ತದಲ್ಲಿಲ್ಲ. ದಾರಿ ನಿಧಾನವಾದರೆ ಏನಾಗುವುದೆಂಬ ವಿಚಾರದಲ್ಲಿದೆ. ತೊಟ್ಟಿಗೆ ಎತ್ತರದ ಗೋಡೆಯುಂಟು. ನೀರು ಮೆಲ್ಲನೆ ಹೋದರೆ ಮೆಲ್ಲನೆ ಹೋಗಲಿ, ಅದು ತೊಟ್ಟಿಯೊಳಗೇ ಕಾಯುತ್ತದೆ. ಬೇಸಿನ್ನಿಗೆ ಬಟ್ಟಲಿನ ಆಳವುಂಟು, ಎದುರಿಗೆ ನಿಂತು ನೋಡುವ ಮನುಷ್ಯನೂ ಉಂಟು. ಷವರಿನ ಅಡಿಗೆ ಇರುವುದು ಎರಡು ಮೂರು ಬೆರಳು ಎತ್ತರದ ಕಟ್ಟೆ ಮಾತ್ರ. ಸ್ನಾನ ಮಾಡುವವನ ಕಣ್ಣುಗಳೋ ಸಾಬೂನಿಗೆ ಹೆದರಿ ಮುಚ್ಚಿರುತ್ತವೆ. ಮೇಲಾಗಿ ತಲೆಕೂದಲು ಹೋಗುವುದು ಈ ದಾರಿಯಲ್ಲಿಯೇ. ಕೂದಲು ಸಾಬೂನಿನ ಜಿಡ್ಡನ್ನು ಹಿಡಿದು ಹೆಣೆದುಕೊಂಡು ದಾರಿಯನ್ನು ಅರ್ಧ ಮುಚ್ಚಿದ ಮೇಲೂ ಇನ್ನರ್ಧದಲ್ಲಿ ನೀರು ಹೋಗಬೇಕು. ಕೊಳವೆ ಹೊಸದಾಗಿದ್ದಾಗ ಎಷ್ಟು ಬೇಕೆಂದು ಲೆಕ್ಕ ಹಾಕಿದ್ದರೆ ಸಣ್ಣದೇ ಸಾಕಾಗುತ್ತಿತ್ತು. ಸಂಹಿತೆಯನ್ನು ಬರೆದವರು ಐದು ವರುಷದ ಬಳಿಕದ ಕೊಳವೆಯನ್ನು ಕಣ್ಣ ಮುಂದಿರಿಸಿಕೊಂಡಂತೆ ಕಾಣುತ್ತದೆ.

ನಮ್ಮ ಮನೆಗಳಲ್ಲಿ ಬಕೆಟ್ಟು, ಚೊಂಬುಗಳಿಂದ ನೆಲದ ಮೇಲೆಯೇ ಸ್ನಾನ. ಅಲ್ಲಿಗೆ ಹಾಕುವ ಬಲೆಬಾಯಿಯ ಸಾಧನವನ್ನು ಕೆಲಸಗಾರರು ‘ನಹಾನಿ ಟ್ರ್ಯಾಪು’ ಎನ್ನುತ್ತಾರೆ. ಈ ಶಬ್ದವನ್ನು ಕೇಳಿದೊಡನೆ ನನ್ನೊಳಗಿನ ಪಂಡಿತನು ಎದ್ದು ಕುಳಿತನು. ಮರಾಠಿಯಲ್ಲಿ ‘ನ್ಹಾಣಿ’ ಎಂದರೆ ಬಚ್ಚಲು. ಸಂಸ್ಕೃತದ ಸ್ನಾನಶಬ್ದದ ಬಂಧು. ಸಂಸ್ಕೃತದ ಮೊಮ್ಮಗಳು ಇಂಗ್ಲಿಷಿನ ಮಗನನ್ನು ಮದುವೆಯಾಗಿ ಮಂಜೇಶ್ವರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಸಾರ ಹೂಡಿದ್ದಾಳೆ! ಅದಿರಲಿ.

ಶೌಚದ ಆಸನದ ಮಾತು ಬೇರೆ. ಅಲ್ಲಿ ಆರರಿಂದ ಹತ್ತು ಲೀಟರು ನೀರು ಕೆಲವೇ ಕ್ಷಣಗಳಲ್ಲಿ ಒಮ್ಮೆಲೇ ನುಗ್ಗುತ್ತದೆ, ಗಟ್ಟಿ ಪದಾರ್ಥವನ್ನು ತೇಲಿಸಿಕೊಂಡು ಹೋಗುತ್ತದೆ. ಆ ನೀರಿಗೂ ಪದಾರ್ಥಕ್ಕೂ ಸ್ಥಳ ಬೇಕು. ಅವುಗಳ ಮೇಲ್ಗಡೆ ಗಾಳಿ ಓಡಾಡಲೂ ಸ್ಥಳ ಬೇಕು. ನನ್ನ ಎರಡೂವರೆ ಇಂಚಿನ ಕೊಳವೆಯಲ್ಲಿ ಇವು ಮೂರೂ ಒಂದರೊಡನೊಂದು ಜಗಳವಾಡಿ ನಿಂತುಬಿಟ್ಟಿದ್ದವು.

ಹಾಗಾದರೆ ದೊಡ್ಡದರಿಂದ ಹಾನಿ ಏನು? ಈ ಪ್ರಶ್ನೆಯನ್ನು ನೂರೆಂಬತ್ತು ವರುಷಗಳ ಹಿಂದೆ ಲಂಡನ್ ಪಟ್ಟಣವೇ ಕೇಳಿಕೊಂಡಿತ್ತು. ಅಲ್ಲಿಯ ಹಳೆಯ ಇಟ್ಟಿಗೆಯ ಚರಂಡಿಗಳು ಆಳು ನಡೆದುಹೋಗುವಷ್ಟು ಅಗಲವಾಗಿದ್ದವು, ತಳ ಸಪಾಟಾಗಿತ್ತು. ಅಷ್ಟಗಲದಲ್ಲಿ ದಿನನಿತ್ಯದ ನೀರು ತೆಳುವಾಗಿ ಹರಡಿ, ಬಲಗುಂದಿ, ಹೊತ್ತುತಂದ ಕೊಳೆಯನ್ನು ಅಲ್ಲಿಯೇ ಇಳಿಸಿ ಹೋಗುತ್ತಿತ್ತು. 1842ರಲ್ಲಿ ದುಡಿಯುವ ಜನರ ಆರೋಗ್ಯಸ್ಥಿತಿಯ ಬಗ್ಗೆ ಪ್ರಸಿದ್ಧವಾದ ವರದಿಯನ್ನು ಬರೆದ ಎಡ್ವಿನ್ ಚಾಡ್‌ವಿಕ್ ಇಂತಹ ದೊಡ್ಡ ಚರಂಡಿಗಳ ವೈರಿಯಾಗಿ, ನುಣುಪಾದ ಸಣ್ಣ ಮಣ್ಣಿನ ಕೊಳವೆಗಳ ಪರವಾಗಿ ವಾದಿಸಿದನು. ಹಾಲ್ಬರ್ನ್ ಮತ್ತು ಫಿನ್ಸ್‌ಬರಿ ಭಾಗದ ಚರಂಡಿಗಳ ಮೇಲ್ವಿಚಾರಕನಾಗಿದ್ದ ಜಾನ್ ರೋ ಎಂಬವನು ಮೊಟ್ಟೆಯ ಆಕಾರದ ಚರಂಡಿಯನ್ನು ಬಳಕೆಗೆ ತಂದನು: ಚೂಪು ಭಾಗ ಕೆಳಗೆ, ಅಗಲ ಭಾಗ ಮೇಲೆ. ನೀರು ಕಡಿಮೆಯಿದ್ದಾಗ ಕಿರಿದಾದ ತಳದಲ್ಲಿ ಆಳವಾಗಿ, ರಭಸವಾಗಿ ಹರಿಯುತ್ತದೆ. ಮಳೆ ಬಂದಾಗ ಮೇಲಿನ ಅಗಲ ಉಪಯೋಗಕ್ಕೆ ಬರುತ್ತದೆ. ಒಂದೇ ಕಾಲುವೆಯಲ್ಲಿ ಸಣ್ಣದನ್ನೂ ದೊಡ್ಡದನ್ನೂ ಕೂಡಿಸಿದ ಈ ಬುದ್ಧಿಯನ್ನು ಕಂಡು ನಾನು ಮೆಚ್ಚಿದೆನು.

ನೀರು ಸೆಕೆಂಡಿಗೆ ಸುಮಾರು ಎರಡು ಅಡಿಯ ವೇಗದಲ್ಲಿ ಹರಿದರೆ ತನ್ನ ದಾರಿಯನ್ನು ತಾನೇ ತೊಳೆದುಕೊಳ್ಳುತ್ತದೆ ಎಂದು ಎಂಜಿನಿಯರರು ಲೆಕ್ಕ ಹಾಕಿದ್ದಾರೆ. ಬೇಸಿನ್ನಿನ ಕೈಹಿಡಿಯಷ್ಟು ನೀರು ಒಂದೂಕಾಲು ಇಂಚಿನಲ್ಲಿ ಹೆಚ್ಚುಕಡಿಮೆ ತುಂಬಿ ಹರಿದು ಗೋಡೆಯನ್ನು ಉಜ್ಜುತ್ತದೆ. ಅದೇ ನೀರು ನಾಲ್ಕಿಂಚಿನಲ್ಲಿ ತಳಕ್ಕೆ ಅಂಟಿದ ನೂಲಿನಂತೆ ತೆವಳುತ್ತದೆ. ಸಾಬೂನು ಅಲ್ಲಿಯೇ ಉಳಿಯುತ್ತದೆ. ಇಳಿಜಾರಿಗೂ ಒಂದು ಹಳೆಯ ಸುಲಭಸೂತ್ರವುಂಟು: ನಾಲ್ಕಿಂಚಿನ ಕೊಳವೆಗೆ ನಲವತ್ತು ಅಡಿಗೆ ಒಂದು ಅಡಿ, ಆರಿಂಚಿನದಕ್ಕೆ ಅರವತ್ತಕ್ಕೆ ಒಂದು, ಒಂಬತ್ತಿಂಚಿನದಕ್ಕೆ ತೊಂಬತ್ತಕ್ಕೆ ಒಂದು. ಮಕ್ಕಳೇ, ಇದನ್ನು ಬಾಯಿಪಾಠ ಮಾಡಿಕೊಳ್ಳಿರಿ. ಪರೀಕ್ಷೆಗೆ ಬಾರದು, ಮನೆ ಕಟ್ಟುವಾಗ ಬಂದೀತು.

ಇನ್ನು ಕೊಳವೆಯ ಬಾಗಿದ ಕೊರಳಿನ ವಿಚಾರ. ಬೇಸಿನ್ನಿನ ಕೆಳಗೆ ಕೊಳವೆಯು ಬಗ್ಗಿ ಮತ್ತೆ ಏರುವುದನ್ನು ತಾವೆಲ್ಲರೂ ಕಂಡಿದ್ದೀರಿ. 1775ರಲ್ಲಿ ಅಲೆಗ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಿಯು ಶೌಚದ ಸಾಧನಕ್ಕೆ ಇಂತಹ ಬಾಗನ್ನು ಸೇರಿಸಿ ಪೇಟೆಂಟು ಪಡೆದನು. ಆ ಬಾಗಿನಲ್ಲಿ ಯಾವಾಗಲೂ ನಿಲ್ಲುವ ಸುಮಾರು ಎರಡಂಗುಲದ ನೀರು ಗುಂಡಿಯ ವಿಷವಾಯುವಿಗೂ ನಮ್ಮ ಮೂಗಿಗೂ ನಡುವಿನ ಬಾಗಿಲು. ಕೊಳವೆ ಹದತಪ್ಪಿದರೆ ಈ ಬಾಗಿಲು ತೆರೆದುಬಿಡುತ್ತದೆ. ಹಲವು ಸಾಧನಗಳು ಸೇರುವ ಸಣ್ಣ ಕೊಳವೆಯು ತುಂಬಿ ಹರಿದಾಗ ಹಿಂದಿನ ಗಾಳಿಯನ್ನು ಎಳೆದು, ಅದರೊಡನೆ ಪಕ್ಕದ ಬಾಗಿನಲ್ಲಿದ್ದ ನೀರನ್ನೂ ಹೀರಿಕೊಂಡು ಹೋಗುತ್ತದೆ. ಆಸನಕ್ಕೆ ನೀರು ಬಿಟ್ಟಾಗ ಬೇಸಿನ್ನು ‘ಗುಳುಗುಳು’ ಎನ್ನುವ ಮನೆಗಳುಂಟಲ್ಲ, ಅಲ್ಲಿ ಇದೇ ನಡೆಯುತ್ತಿರುತ್ತದೆ. ಮಾಡಿನ ಮೇಲಕ್ಕೆ ಒಯ್ಯುವ ಗಾಳಿಕೊಳವೆ ಇರುವುದು ಇದರ ನಿವಾರಣೆಗಾಗಿ. ಇಂಗ್ಲೆಂಡಿನವರು ಬೇರೆ ಗಾಳಿಕೊಳವೆಯಿಲ್ಲದ 32 ಮಿಲಿಮೀಟರಿನ ಕೊಳವೆಯನ್ನು 1.7 ಮೀಟರಿಗಿಂತ ಉದ್ದ ಒಯ್ಯಬಾರದೆಂದು ಕಟ್ಟುಮಾಡಿರುವುದೂ ಇದಕ್ಕಾಗಿಯೇ.

ಎರಡಂಗುಲ ನೀರಿಗೆ ಇಷ್ಟು ಗೌರವವೇಕೆಂದರೆ ಹಾಂಗ್‌ಕಾಂಗಿನ ಕಥೆಯನ್ನು ಕೇಳಬೇಕು. 2003ರ ಮಾರ್ಚಿನಲ್ಲಿ ಸಾರ್ಸ್ ರೋಗವು ಅಲ್ಲಿಯ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ತಗಲಿತು. ನಲವತ್ತಕ್ಕೂ ಮಿಕ್ಕಿ ಜನರು ತೀರಿಕೊಂಡರು. ಪರಿಶೀಲಿಸಿದವರು ಸ್ನಾನಗೃಹದ ನೆಲದ ಬಾಗುಕೊಳವೆಗಳತ್ತ ಬೆರಳು ತೋರಿಸಿದರು. ನೆಲಕ್ಕೆ ನೀರು ಹಾಕಿ ತೊಳೆಯುವ ರೂಢಿ ತಪ್ಪಿದ್ದರಿಂದ ಅವು ಒಣಗಿದ್ದವು. ಗಾಳಿ ಹೊರಗೆಳೆಯುವ ಫ್ಯಾನು ತಿರುಗಿದಾಗ ಮಲಕೊಳವೆಯ ಸೂಕ್ಷ್ಮ ತುಂತುರು ಆ ಒಣಗಿದ ಬಾಯಿಗಳಿಂದ ಮನೆಯೊಳಕ್ಕೆ ಬಂದಿತೆಂಬುದು ಅವರ ತೀರ್ಮಾನ. ತಿಂಗಳಾನುಗಟ್ಟಲೆ ಬೀಗ ಹಾಕಿದ ಮನೆಯನ್ನು ತೆರೆದಾಗ ನೆಲದ ತೂತಿಗೆ ಒಂದು ಚೊಂಬು ನೀರನ್ನು ಮೊದಲು ಹೊಯ್ಯಿರಿ. ಪರವೂರಿನ ಮಕ್ಕಳ ಮನೆಗೆ ಹೋಗಿ ಬರುವ ಹಿರಿಯರು ಇಲ್ಲಿ ಬಹಳ ಮಂದಿ ಇದ್ದೀರಿ.

ಇಷ್ಟೆಲ್ಲವನ್ನು ಒಂದು ಪಟ್ಟಿಯಾಗಿ ಕಟ್ಟಿದ ಕೀರ್ತಿಯ ದೊಡ್ಡ ಪಾಲು ಅಮೆರಿಕೆಯ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿದ್ದ ರಾಯ್ ಹಂಟರ್ ಎಂಬವನದು. 1920ರ ದಶಕದವರೆಗೆ ಆ ದೇಶದಲ್ಲಿ ಊರಿಗೊಂದು ನಿಯಮವಿತ್ತು. ಆಗ ವಾಣಿಜ್ಯ ಸಚಿವನಾಗಿದ್ದ, ಮುಂದೆ ಅಧ್ಯಕ್ಷನಾದ ಹರ್ಬರ್ಟ್ ಹೂವರನ ಇಲಾಖೆಯು ಏಕರೂಪದ ನಿಯಮಗಳಿಗಾಗಿ ಸಮಿತಿಯೊಂದನ್ನು ಕೂಡಿಸಿತು. ಹಂಟರನು ಅದಕ್ಕಾಗಿ ಪ್ರಯೋಗಗಳನ್ನು ನಡೆಸಿದನು. ಬೇಸಿನ್ನೊಂದು ಬಿಡುವ ನೀರನ್ನು, ಎಂದರೆ ನಿಮಿಷಕ್ಕೆ ಸುಮಾರು ಇಪ್ಪತ್ತೆಂಟು ಲೀಟರನ್ನು, ಒಂದು ಮಾನವೆಂದು ಹಿಡಿದರು. ಉಳಿದ ಸಾಧನಗಳನ್ನು ಅದರಿಂದ ತೂಗಿದರು. ಇಂದಿನ ಒಂದು ಸಂಹಿತೆಯಲ್ಲಿ ಬೇಸಿನ್ನಿಗೆ 1, ತೊಟ್ಟಿಗೆ 2, ಮನೆಯ ಶೌಚದ ಆಸನಕ್ಕೆ 3 ಅಥವಾ 4. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸುವ ನಮಗೆ ಇದು ಹೊಸದೇನೂ ಅಲ್ಲ.

ಆದರೆ ಹಂಟರನ ನಿಜವಾದ ಜಾಣ್ಮೆ ಮುಂದಿನದು. ನೂರು ಆಸನಗಳಿದ್ದರೆ ನೂರರಿಂದಲೂ ಒಂದೇ ಕ್ಷಣದಲ್ಲಿ ನೀರು ಬರುವುದಿಲ್ಲ. ಎಷ್ಟು ಒಟ್ಟಿಗೆ ಬರಬಹುದೆಂಬುದನ್ನು ಸಂಭವನೀಯತೆಯ ಗಣಿತದಿಂದ ತೂಗಬೇಕೆಂದು ಅವನು ತೋರಿಸಿದನು. 1940ರಲ್ಲಿ ಪ್ರಕಟವಾದ ಅವನ ಪ್ರಬಂಧವು ಇಂದಿಗೂ ಈ ಶಾಸ್ತ್ರದ ತಳಪಾಯ. ಅಡ್ಡಕ್ಕೆ ಹೋಗುವ ಎರಡಿಂಚಿನ ಕೊಳವೆಗೆ ಆ ಸಂಹಿತೆಯು 6 ಮಾನಗಳನ್ನು ಮಾತ್ರ ಹೊರಿಸುತ್ತದೆ, ಮೂರಿಂಚಿನದಕ್ಕೆ 20. ನಾಲ್ಕಿಂಚಿನದಕ್ಕೆ ಒಮ್ಮೆಲೇ 160.

ಇಲ್ಲಿ ನಾನು ಮೇಷ್ಟ್ರಾಗಿ ಒಂದು ಮಾತು ಸೇರಿಸಬೇಕು. ಈ ಸಂಭವನೀಯತೆಯ ಲೆಕ್ಕವು ಸೋಲುವ ಒಂದು ಸ್ಥಳವುಂಟು, ಅದು ಶಾಲೆ. ಗಂಟೆ ಬಾರಿಸಿದ ಹತ್ತು ನಿಮಿಷಗಳಲ್ಲಿ ಎಲ್ಲರೂ ಒಟ್ಟಿಗೇ ಹೋಗುತ್ತಾರೆ. ಗಣಿತದ ಪ್ರಕಾರ ಅಸಂಭವವಾದುದು ನಮ್ಮಲ್ಲಿ ದಿನಕ್ಕೆ ಮೂರು ಸಲ ನಡೆಯುತ್ತದೆ. ಸಾರ್ವಜನಿಕ ಸ್ಥಳದ ಆಸನಕ್ಕೆ ಸಂಹಿತೆಯು ಮನೆಯದಕ್ಕಿಂತ ಹೆಚ್ಚಿನ ಮಾನವನ್ನು ಕೊಟ್ಟಿರುವುದು ಸುಮ್ಮನೆ ಅಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಗೃಹ ವರುಷದಲ್ಲಿ ಮೂರು ತಿಂಗಳು ಕಟ್ಟಿರುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ತಲೆನೋವೆಂದು ತರಗತಿಯಲ್ಲಿ ತಲೆ ಬಗ್ಗಿಸಿ ಕುಳಿತಿದ್ದಾಗ ಪಾಠ ಕೇಳುತ್ತಿಲ್ಲವೆಂದು ಗದರಿಸಿದವನು ನಾನೇ. ಕಾರಣ ತಿಳಿದದ್ದು ವರುಷದ ಕೊನೆಗೆ, ಅದೂ ಅವಳ ತಾಯಿಯ ಬಾಯಿಂದ. ಅವಳು ಕುಡಿಯದೆ ಬಿಟ್ಟ ನೀರೂ, ನಮ್ಮ ಅಮ್ಮನವರು ಅಂಗಳದಲ್ಲಿ ಹಿಡಿದು ನಿಂತ ಕೊಡೆಯೂ ನನ್ನ ಮನಸ್ಸಿನಲ್ಲಿ ಒಂದರ ಪಕ್ಕದಲ್ಲೊಂದು ಇವೆ. ಇದಕ್ಕಾಗಿಯೇ ಈ ವಿಷಯವನ್ನು ಸಾಹಿತ್ಯದ ವೇದಿಕೆಗೆ ತಂದೆನು. ಗಡಿನಾಡಿನ ನಮಗೆ ಕಟ್ಟಡದ ನಿಯಮಗಳು ಕೈಗೆ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇಲ್ಲವೆ ಮಲಯಾಳದಲ್ಲಿ. ಕವಿತೆಯಂತೆಯೇ ಇದನ್ನೂ ಕನ್ನಡದಲ್ಲಿ ಓದಿ ತಿಳಿಯುವ ಹಕ್ಕು ನಮ್ಮ ಮನೆಗಳಿಗೆ ಉಂಟೆಂದು ನನ್ನ ಎಣಿಕೆ.

ಇಲ್ಲಿರುವ ತಂದೆತಾಯಿಗಳಲ್ಲಿ ಅನೇಕರು ರಕ್ಷಕ ಶಿಕ್ಷಕ ಸಂಘಗಳ ಸದಸ್ಯರು. ಶಾಲೆಯಲ್ಲಿ ಹೊಸ ಶೌಚಗೃಹ ಕಟ್ಟುವಾಗ ಉದ್ಘಾಟನೆಯ ದಿನ ಬರುವುದರ ಬದಲು, ಕೊಳವೆಗಳಿಗೆ ಕಾಂಕ್ರೀಟು ಮುಚ್ಚುವ ಹಿಂದಿನ ದಿನ ಬನ್ನಿರಿ. ಆಸನದ ಕೊಳವೆ ನಾಲ್ಕಿಂಚಿನದೇ? ಮುಂದೆ ಎಲ್ಲಿಯಾದರೂ ಕಿರಿದಾಗಿದೆಯೇ? ನಲವತ್ತಕ್ಕೆ ಒಂದರ ಇಳಿಜಾರು ಇದೆಯೇ? ಗಾಳಿಕೊಳವೆ ಮಾಡಿನ ಮೇಲಕ್ಕೆ ಹೋಗಿದೆಯೇ? ಎಲ್ಲ ನಳ್ಳಿಗಳನ್ನೂ ಒಟ್ಟಿಗೆ ತೆರೆದು, ಎಲ್ಲ ಆಸನಗಳಿಗೂ ಒಂದೇ ಸಲ ನೀರು ಬಿಟ್ಟು, ಬೇಸಿನ್ನು ಗುಳುಗುಳು ಎನ್ನುವುದೇ ಎಂದು ಕಿವಿಗೊಟ್ಟು ಕೇಳಿರಿ. ಮುಚ್ಚುವ ಮುನ್ನ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿರಿ. ಎಲ್ಲಿ ಅಗೆಯಬೇಕೆಂದು ಹತ್ತು ವರುಷಗಳ ಮೇಲೆ ಅದು ಹೇಳುತ್ತದೆ.

ನಮ್ಮ ಮನೆಯ ಬೇಸಿನ್ನಿಗೆ ಆ ಹಿರಿಯರು ಒಂದೂಕಾಲು ಇಂಚಿನ ಕೊಳವೆಯನ್ನು ಹಾಕಿ, ನೆಲದ ನೀರಿಗೆ ಬೇರೆ ದಾರಿ ಮಾಡಿ, ಗಾಳಿಕೊಳವೆಯನ್ನು ಏರಿಸಿ ಕೊಟ್ಟರು. ಕೂಲಿ ತೆಗೆದುಕೊಂಡು ಹೊರಟಾಗ ಅಮ್ಮನವರು ಅವರಿಗೆ ಬೆಲ್ಲ, ನೀರು ಕೊಟ್ಟು ಕುಳ್ಳಿರಿಸಿ, “ನನ್ನ ಮಗನಿಗೆ ಇಂಥದೆಲ್ಲ ಯಾರೂ ಕಲಿಸಲಿಲ್ಲ” ಎಂದು ನನ್ನ ಪರವಾಗಿ ಕ್ಷಮೆ ಕೇಳಿದರು. ಆ ಕೊಡೆ ಈಗ ಹೊರಗಿನ ಗಳುವಿನಲ್ಲಿ ತೂಗಾಡುತ್ತಿದೆ.